ಎಡಕ್ಕೆ ವಾಲಿಸಿ ಐದು ಎಣಿಸಿ

ಆ ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ನಮ್ಮ ವೃಷಭೇಂದ್ರಪ್ಪನವರು ತಮ್ಮ ಮನೆಯ ಅಂಗಳದಲ್ಲಿ ವಿಜ್ಞಾನದ ಇತಿಹಾಸವನ್ನೇ ಬದಲಿಸುವವರಿದ್ದರು. ನಾನು ಚಟ್ನಿ ರುಬ್ಬಿಕೊಂಡು, ದೋಸೆ ತಿಂದು, ನೀರಿನ ಟ್ಯಾಂಕು ತುಂಬಿಸಿಕೊಂಡೇ ಹೋದೆ. ಅವರ ವಿಜ್ಞಾನ ಶುರುವಾದ ಮೇಲೆ ನಮ್ಮ ಎರಡೂ ಮನೆಗಳಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತದೆ ಎಂದು ಯಾರೂ ಹೇಳಲಾರರು.

ವೃಷಭೇಂದ್ರಪ್ಪ ನನ್ನ ತಂಗಿ ವಿಶಾಲಾಕ್ಷಿಯ ಗಂಡ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮಗೂ ಅವರಿಗೂ ನಡುವೆ ಒಂದೇ ಕಾಂಪೌಂಡು ಗೋಡೆ. ಪಾಲಿಟೆಕ್ನಿಕ್ಕಿನ ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದು ನಿವೃತ್ತರಾದವರು. ಅಲ್ಲಿ ಮುರಿದದ್ದು ಸಾಲದೆಂದು ಮನೆಯಲ್ಲೂ ಮುಂದುವರಿಸಿದ್ದರು. ಹೋದ ವರ್ಷ ರೊಟ್ಟಿ ತಟ್ಟುವ ಯಂತ್ರ ಮಾಡಿದ್ದರು. ಅದು ತಟ್ಟಿದ ಮೊದಲ ರೊಟ್ಟಿ ಹಾರಿಹೋಗಿ ಎದುರುಮನೆಯ ಛಾವಣಿಯ ಟಿವಿ ಡಿಶ್ಶಿಗೆ ಬಡಿದು, ಆ ಮನೆಯವರು ಮೂರು ದಿನ ಬಂಗಾಳಿ ಧಾರಾವಾಹಿ ನೋಡಬೇಕಾಯಿತು. ನಾನು ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ರೋಗಿಯ ಮುಖ ನೋಡಿದರೆ ಉಳಿಯುತ್ತಾನೋ ಇಲ್ಲವೋ ಹೇಳಬಲ್ಲೆ. ಇವರ ಯಂತ್ರಗಳ ವಿಷಯದಲ್ಲಿ ಮುಖವನ್ನೂ ನೋಡಬೇಕಿಲ್ಲ, ಹೆಸರು ಕೇಳಿದರೆ ಸಾಕು. ಈ ಸಲದ ಹೆಸರು ‘ಗುಣಾಂತರಕ’.

ಅಂಗಳದಲ್ಲಿ ಎರಡು ಗಾಡಿಗಳು ಅಕ್ಕಪಕ್ಕ ನಿಂತಿದ್ದವು. ಒಂದು ವಿಶಾಲಾಕ್ಷಿಯ ಬೂದು ಬಣ್ಣದ ಸ್ಕೂಟರು. ಇನ್ನೊಂದು ವೃಷಭೇಂದ್ರಪ್ಪನವರ ಕಾರು. ನಡುವೆ ಸ್ಟೂಲಿನ ಮೇಲೆ ಒಂದು ದೊಡ್ಡ ತಗಡಿನ ಡಬ್ಬಿ, ಅದಕ್ಕೆ ಎರಡು ಬಲ್ಬು, ಒಂದು ಹಳೆ ಪಂಪಿನ ಹಿಡಿ, ಎರಡು ಕಡೆಗೂ ತಂತಿ. ಒಂದು ವಾರದಿಂದ ಕಾಣೆಯಾಗಿದ್ದ ನನ್ನ ತಂಗಿಯ ರೊಟ್ಟಿ ಡಬ್ಬಿ ಅದೇ ಎಂದು ನಾನು ನೋಡಿದ ತಕ್ಷಣ ಗುರುತಿಸಿದೆ.

ಕಾರಿನ ಕತೆಯನ್ನು ಮೊದಲು ಹೇಳಬೇಕು. ಆ ಭಾನುವಾರಕ್ಕೆ ಎರಡು ತಿಂಗಳ ಹಿಂದೆ, ಹೆದ್ದಾರಿಯ ಪಕ್ಕ ಹಳೆ ಕಾರು ಮಾರುವ ಒಂದು ಬಯಲಿನಲ್ಲಿ ವೃಷಭೇಂದ್ರಪ್ಪ ಇದನ್ನು ಕಂಡರು, ಮರುಳಾದರು, ನಿವೃತ್ತಿಯಾದಾಗ ಕೈಗೆ ಬಂದದ್ದನ್ನೆಲ್ಲ ಅಲ್ಲೇ ಇಳಿಸಿ ಬಂದರು. ಹೊರದೇಶದ ಕಾರು. ಕೂಪೆ ಎಸ್‌ಯುವಿ ಎನ್ನುತ್ತಾರೆ. ಮುಂದೆ ನಿಂತು ನೋಡಿದರೆ ಜೀಪಿನಷ್ಟು ಎತ್ತರ. ಹಿಂದಕ್ಕೆ ಹೋದಂತೆ ಛಾವಣಿ ಜಾರುಬಂಡೆಯಾಗಿ ಇಳಿದುಬಿಡುತ್ತದೆ. ಹಾಗಾಗಿ ಹಿಂದಿನ ಸೀಟಿನಲ್ಲಿ ತಲೆ ಇದ್ದವರು ಕೂರುವಂತಿಲ್ಲ. ಕೊಳ್ಳುವುದಕ್ಕೂ ತಲೆ ಬೇಕಾಗಿಲ್ಲವೆಂದು ನನಗೆ ಆವತ್ತೇ ಖಾತ್ರಿಯಾಯಿತು.

"ಒಬ್ಬರೇ ಮಾಲೀಕರು ಸಾರ್, ಡಾಕ್ಟರು ಓಡಿಸಿದ್ದು" ಎಂದು ಮಾರುವವನು ಹೇಳಿದನಂತೆ. ಹಳೆ ಕಾರು ಮಾರುವವರ ಬಾಯಲ್ಲಿ ಈ ದೇಶದ ಎಲ್ಲ ಕಾರುಗಳನ್ನೂ ಡಾಕ್ಟರುಗಳೇ ಓಡಿಸಿರುತ್ತಾರೆ. ಡಾಕ್ಟರುಗಳು ಕಾರು ಓಡಿಸುವುದನ್ನು ನಾನು ಮೂವತ್ತೊಂದು ವರ್ಷ ನೋಡಿದ್ದೇನೆ. ಸರ್ಕಾರಿ ಡ್ಯೂಟಿ ಮುಗಿಸಿ ತಮ್ಮ ಖಾಸಗಿ ಕ್ಲಿನಿಕ್ಕಿಗೆ ಓಡುವ ಅವಸರದಲ್ಲಿ ಆಸ್ಪತ್ರೆಯ ಗೇಟನ್ನೇ ಕಿತ್ತುಕೊಂಡು ಹೋದವರೂ ಇದ್ದಾರೆ. ಅದನ್ನು ಹೇಳಿದೆ. "ಅಕ್ಕಾರೇ, ನಿಮಗೆ ಎಲ್ಲದರಾಗೂ ಕೊಂಕು" ಎಂದರು.

ಮೊದಲ ವಾರವೇ ಕಾರಿನ ಎಡಗಡೆಯ ಮೂಲೆ ಕುಸಿದು ಕುಕ್ಕರಿಸಿತು. ಅದಕ್ಕೆ ಸ್ಪ್ರಿಂಗಿನ ಬದಲು ಗಾಳಿ ಚೀಲಗಳಂತೆ, ಒಂದು ತೂತಾಗಿತ್ತು. ಎರಡನೇ ವಾರ ಕಿಟಕಿಯ ಗಾಜು ಇಳಿಯಿತು, ಏರಲಿಲ್ಲ. ಮೂರನೇ ವಾರ ಪರದೆಯ ಮೇಲೆ ಹಳದಿ ದೀಪ, ನಾಲ್ಕನೇ ವಾರ ಕೆಂಪು ದೀಪ, ಆಮೇಲೆ ಎರಡೂ ಒಟ್ಟಿಗೆ. ನಮ್ಮ ಬೀದಿಯ ಕೊನೆಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ದಾದಾಪೀರ್ ಬಾನೆಟ್ಟು ಎತ್ತಿ ನೋಡಿದ. ಒಳಗೆ ಇಡೀ ಎಂಜಿನ್ನಿನ ಮೇಲೆ ಪ್ಲಾಸ್ಟಿಕ್ಕಿನ ಮುಚ್ಚಳ. ಅದಕ್ಕೊಂದು ಕೈಮುಗಿದು ಬಾನೆಟ್ಟು ಮುಚ್ಚಿದ. ದೊಡ್ಡ ಊರಿನ ವರ್ಕ್‌ಶಾಪಿನವರು ಬಿಡಿಭಾಗ ಹಡಗಿನಲ್ಲಿ ಬರಬೇಕು ಎಂದರು. ದಾವಣಗೆರೆಗೆ ಹಡಗು ಯಾವ ಕಡೆಯಿಂದ ಬರುತ್ತದೆ ಎಂದು ನಾನು ವಿಚಾರಿಸಿದ್ದಕ್ಕೆ ವೃಷಭೇಂದ್ರಪ್ಪ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಒಳ್ಳೆಯ ಎರಡು ದಿನ.

ಇದನ್ನು ಯಾಕೆ ಕೊಂಡರು ಎಂದು ಕೇಳಿದರೆ ಹೆಂಡತಿಯ ಹೆಸರು ಹೇಳುತ್ತಿದ್ದರು. ಅದೇ ನನಗೆ ಮೈ ಉರಿಯುವ ವಿಷಯ. ವಿಶಾಲಾಕ್ಷಿ ಕಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಹತ್ತೊಂಬತ್ತು ವರ್ಷದಿಂದ ದಿನಾ ಬೆಳಿಗ್ಗೆ ಆರಕ್ಕೆ ಅದೇ ಸ್ಕೂಟರಿನ ಮೇಲೆ ಡಬ್ಬಿಗಳನ್ನು ಕಟ್ಟಿಕೊಂಡು ಹನ್ನೊಂದು ಖಾನಾವಳಿ, ಮೆಸ್ಸುಗಳಿಗೆ ಕೊಟ್ಟು ಬರುತ್ತಿದ್ದಳು. ಸೌದೆ ಒಲೆಯ ಹೊಗೆ ಕುಡಿದು ಆಕೆಯ ಎದೆ ಹೇಗಾಗಿದೆ ಎಂದು ನನಗೆ ಗೊತ್ತು. ಕಿವಿಗೆ ಸ್ಟೆತಸ್ಕೋಪು ಇಟ್ಟು ಕೇಳಿದ್ದೇನೆ. ಈಗ ಹೊಸದಾಗಿ ಒಂದು ಹುಡುಗಿಯರ ಹಾಸ್ಟೆಲ್ ಶುರುವಾಗಿತ್ತು. ನಾನೂರು ಹುಡುಗಿಯರು, ದಿನಕ್ಕೆ ಎಂಟುನೂರು ರೊಟ್ಟಿ. ಸೋಮವಾರದಿಂದ ಬುಧವಾರದವರೆಗೆ ಮೂರು ದಿನ ಪರೀಕ್ಷೆ: ಹನ್ನೊಂದೂವರೆಯೊಳಗೆ ತಲುಪಬೇಕು, ಮುರಿದಿರಬಾರದು. ಪಾಸಾದರೆ ವರ್ಷವಿಡೀ ಅವಳದೇ ರೊಟ್ಟಿ. ಆಗ ಗ್ಯಾಸಿನ ದೊಡ್ಡ ಹಂಚು ಹಾಕಿಸಬಹುದು, ನಾಲ್ಕು ಜನ ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಂಡು ತಾನು ಒಲೆಯ ಮುಂದಿನಿಂದ ಏಳಬಹುದು. ಒಂದು ಸಾಮಾನು ಸಾಗಿಸುವ ಆಟೋ ಸಾಕಿತ್ತು. ಈ ಮಹಾನುಭಾವರು ಗಾಳಿ ಚೀಲದ ಮೇಲೆ ಕೂತರೆ ರೊಟ್ಟಿ ಮುರಿಯುವುದಿಲ್ಲ ಎಂದು ಹೇಳಿ ಆ ಕಾರು ತಂದರು!

ಈಗ ಭಾನುವಾರಕ್ಕೆ ಬರೋಣ. ವೃಷಭೇಂದ್ರಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಭಾಷಣ ಶುರುಮಾಡಿದರು. ಕೇಳುವುದಕ್ಕೆ ನಾನು, ದಾದಾಪೀರ್ ಮತ್ತು ಕಾಂಪೌಂಡಿನ ಮೇಲೆ ಒಂದು ಬೆಕ್ಕು.

"ಅಕ್ಕಾರೇ, ಪ್ರತಿ ಯಂತ್ರಕ್ಕೂ ಒಂದು ಗುಣ ಅಂತ ಇರ್ತೈತೆ. ಲೋಹ ಯಾವುದನ್ನೂ ಮರೆಯಲ್ಲ. ಈ ಸ್ಕೂಟರಿನಾಗೆ ಹತ್ತೊಂಬತ್ತು ವರ್ಷದ ನಿಯತ್ತು ಕೂತೈತೆ. ಅದರಾಗೆ ಒಂದು ಚಮಚ ತೆಗೆದು ಕಾರಿಗೆ ಹೆಪ್ಪು ಹಾಕ್ತೀನಿ. ನಾಳೆಯಿಂದ ಇದೂ ಕೈಕೊಡಲ್ಲ."

"ಹೆಪ್ಪು ಹಾಕೋ ಚಮಚ ಯಾವ ಕಡೆ ಹೋಗಬೇಕು ಅಂತ ಅದಕ್ಕೆ ಗೊತ್ತೈತೇನ್ರಿ?" ಎಂದು ಕೇಳಿದೆ. ನನಗೆ ವಿಜ್ಞಾನ ಗೊತ್ತಿಲ್ಲ ಎಂದರು. ಅಷ್ಟರಲ್ಲಿ ವಿಶಾಲಾಕ್ಷಿ ಹಿಟ್ಟಿನ ಕೈಯಲ್ಲೇ ಹಿತ್ತಿಲಿನಿಂದ ಬಂದಳು. ತನ್ನ ಸ್ಕೂಟರಿಗೆ ತಂತಿ ಸುತ್ತಿದ್ದನ್ನು ಕಂಡು ನಿಂತುಬಿಟ್ಟಳು. ಅದು ನಮ್ಮಪ್ಪ ಹೆಸರು ಬರೆಸಿ, ಆರು ವರ್ಷ ಕಾದು ತಂದಿದ್ದ ಸ್ಕೂಟರು. ಅಪ್ಪ ಅದನ್ನು ಅಳಿಯನಿಗೆ ಕೊಡಲಿಲ್ಲ, ಮಗಳಿಗೆ ಕೊಟ್ಟರು. ಅಪ್ಪನಿಗೆ ಜನರ ಗುರುತು ಸಿಗುತ್ತಿತ್ತು.

"ಅದೊಂದನ್ನ ಮುಟ್ಟಬೇಡ್ರಿ ಅಂತ ಕೈಮುಗಿದು ಹೇಳಿದ್ದೆ" ಎಂದಳು.

ಅವರು ಹಿಡಿ ಎಳೆದೇಬಿಟ್ಟರು. ಎರಡು ಗಾಡಿಗಳೂ ಚಳಿ ಜ್ವರ ಬಂದ ಹಾಗೆ ನಡುಗಿದವು. ಬೀದಿಯ ಕರೆಂಟು ಹೋಯಿತು. ಸ್ಕೂಟರಿನ ಹೊಟ್ಟೆಯೊಳಗಿಂದ ಮೃದುವಾಗಿ ‘ಡಿಂಗ್’ ಎಂಬ ಸದ್ದು ಬಂತು. ಕಾರು ಎರಡು ಸಲ ಕೆಮ್ಮಿತು, ಕುಕ್ಕರಿಸಿದ್ದ ಮೂಲೆ ಮೆಲ್ಲಗೆ ಎದ್ದು ನಿಂತಿತು, ಪರದೆಯ ಮೇಲಿನ ಹಳದಿ ಕೆಂಪು ದೀಪಗಳೆಲ್ಲ ಆರಿದವು. ಎಂಜಿನ್ನು ತಾನಾಗಿಯೇ ‘ಡುರ್ರ್’ ಎಂದು ಹೊತ್ತಿಕೊಂಡಿತು. ವೃಷಭೇಂದ್ರಪ್ಪ ಅದರಲ್ಲಿ ಕೂತು ಬೀದಿಯಲ್ಲಿ ನಾಲ್ಕು ಸುತ್ತು ಹೊಡೆದರು. ದಾದಾಪೀರ್ ಚಪ್ಪಾಳೆ ತಟ್ಟಿದ. ಆ ‘ಡಿಂಗ್’ ಯಾರಿಗೂ ಮುಖ್ಯವೆನಿಸಲಿಲ್ಲ. ನನಗೆ ಅನಿಸಿತು, ಆದರೆ ನನಗೆ ವಿಜ್ಞಾನ ಗೊತ್ತಿಲ್ಲವಲ್ಲ!

ಸೋಮವಾರ ಬೆಳಿಗ್ಗೆ ಆರಕ್ಕೆ ವಿಶಾಲಾಕ್ಷಿ ಎಂದಿನಂತೆ ಸ್ಕೂಟರನ್ನು ಎಡಕ್ಕೆ ವಾಲಿಸಿ, ಐದು ಎಣಿಸಿ, ಒದ್ದಳು. ಆ ಸ್ಕೂಟರಿಗೆ ಹಾಗೆಯೇ ಮಾಡಬೇಕು. ವಾಲಿಸಿದರೆ ಪೆಟ್ರೋಲು ಇಳಿಯುತ್ತದೆ, ಒಂದೇ ಒದೆತಕ್ಕೆ ಹೊತ್ತಿಕೊಳ್ಳುತ್ತದೆ. ಇವತ್ತು ಹೊತ್ತಲಿಲ್ಲ. ಅದರ ಒಂಟಿ ದೀಪ ಮೂರು ಸಲ ಮಿಟುಕಿ ‘ಡಿಂಗ್ ಡಿಂಗ್ ಡಿಂಗ್’ ಎಂದಿತು.

ವೃಷಭೇಂದ್ರಪ್ಪ ಪಂಚೆಯಲ್ಲೇ ಓಡಿಬಂದರು. ಕಾರಿನ ಜೊತೆ ಬಂದಿದ್ದ ದಪ್ಪ ಪುಸ್ತಕ ತಂದು ಹುಡುಕಿ, ಮೂರು ಡಿಂಗ್ ಎಂದರೆ ಸೀಟಿನ ಬೆಲ್ಟು ಹಾಕಿಲ್ಲ ಎಂದರ್ಥ ಎಂದರು. ಹೆಂಡತಿಯನ್ನು ಅವಳ ಸ್ಕೂಟರಿಗೆ ಬಟ್ಟೆ ಒಣಹಾಕುವ ಹಗ್ಗದಿಂದ ಕಟ್ಟಿದರು. ಡಿಂಗ್ ನಿಂತಿತು. ಸ್ಕೂಟರು ಹೊತ್ತಿಕೊಂಡು, ಸದ್ದೇ ಇಲ್ಲದೆ, ನೀರಿನ ಮೇಲೆ ತೇಲುವಂತೆ ಗೇಟಿನವರೆಗೆ ಹೋಯಿತು. ಆಚೆ ಬೀದಿಯ ದೂಳು ಕಂಡದ್ದೇ ನಿಂತುಬಿಟ್ಟಿತು. ದೀಪ ಕೆಂಪಾಗಿ ಉರಿಯತೊಡಗಿತು. ಪುಸ್ತಕದ ಪ್ರಕಾರ ಅದಕ್ಕೀಗ ತಜ್ಞರಿಂದ ತಪಾಸಣೆ ಆಗಬೇಕು. ನಲವತ್ತು ವರ್ಷದಲ್ಲಿ ಅದನ್ನು ದಾದಾಪೀರ್ ಮತ್ತು ಅವನ ಅಪ್ಪ ಬಿಟ್ಟು ಯಾರೂ ಮುಟ್ಟಿದವರಲ್ಲ. ಅವನು ಸ್ಪ್ಯಾನರು ಹಿಡಿದು ಹತ್ತಿರ ಹೋದರೆ ಸ್ಕೂಟರು ತನ್ನ ಪಾಡಿಗೆ ಹಿಂದೆ ಸರಿಯಿತು.

ಹಗ್ಗ ಬಿಚ್ಚಿಸಿಕೊಂಡ ವಿಶಾಲಾಕ್ಷಿ ಆಟೋ ಹಿಡಿದು ಹನ್ನೊಂದು ಕಡೆಗೂ ಹೋಗಿ ಬಂದಳು.  

ಹತ್ತು ಗಂಟೆಗೆ ಕಾರಿನ ಸರದಿ. ಸಹಾಯಕ್ಕೆ ಬಂದ ಮೂವರು ಹೆಂಗಸರು ಎಂಟುನೂರು ರೊಟ್ಟಿಯನ್ನು ಡಬ್ಬಿಗಳಲ್ಲಿ ಜೋಡಿಸಿದ್ದರು. ಛಾವಣಿಯ ಇಳಿಜಾರಿನಿಂದಾಗಿ ಡಿಕ್ಕಿಯೊಳಗೆ ನಾಲ್ಕೇ ಡಬ್ಬಿ ಹಿಡಿದವು. ಉಳಿದವು ಹಿಂದಿನ ಸೀಟಿನಲ್ಲಿ, ಅವುಗಳನ್ನು ಹಿಡಿದುಕೊಂಡು ಕತ್ತು ಬಗ್ಗಿಸಿಕೊಂಡು ನಾನು. ವೃಷಭೇಂದ್ರಪ್ಪ ಗುಂಡಿ ಒತ್ತಿದರು. ಏನೂ ಇಲ್ಲ. ಮತ್ತೆ ಒತ್ತಿದರು. ಎಚ್ಚರಿಕೆಯ ದೀಪವೂ ಇಲ್ಲ, ಸದ್ದೂ ಇಲ್ಲ. ಕಾರು ಏನನ್ನೋ ಕಾಯುತ್ತಿರುವಂತೆ ಸುಮ್ಮನೆ ನಿಂತಿತ್ತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ವಿಶಾಲಾಕ್ಷಿ ಅಭ್ಯಾಸದಂತೆ ಹೇಳಿದಳು: "ಎಡಕ್ಕೆ ವಾಲಿಸ್ರಿ."

ಎರಡು ಟನ್ನಿನ ಕಾರು! ದಾದಾಪೀರ್ ಬಲಗಡೆಗೆ ಎರಡು ಜಾಕು ಕೊಟ್ಟ. ಬೀದಿಯ ಗಂಡಸರು ಎಂಟು ಜನ ಬಂದು ಭುಜ ಕೊಟ್ಟರು. ನಾನೂ ಡಬ್ಬಿಗಳೂ ಒಳಗೇ ಎಡಕ್ಕೆ ಜಾರಿ ಕಿಟಕಿಗೆ ಅಂಟಿಕೊಂಡೆವು. ಎಲ್ಲರೂ ಸೇರಿ ಐದು ಎಣಿಸಿದರು. ಇಳಿಸಿದ ಮೇಲೆ ವೃಷಭೇಂದ್ರಪ್ಪ ಇಳಿದು ಹೋಗಿ ಬಲಗಡೆಯ ಹಿಂದಿನ ಚಕ್ರಕ್ಕೆ ಒದ್ದರು. ಏನೂ ಆಗಲಿಲ್ಲ. ದಾದಾಪೀರ್ ಒದ್ದ. ಊಹೂಂ. ಕೊನೆಗೆ ವಿಶಾಲಾಕ್ಷಿ ಬಂದು ಸೆರಗು ಸಿಕ್ಕಿಸಿಕೊಂಡು, ಹವಾಯಿ ಚಪ್ಪಲಿಯ ಕಾಲಿನಿಂದ ಒಂದು ಕೊಟ್ಟಳು. ‘ಡುರ್ರ್!’

ನಮ್ಮೂರಿನ ಗುಂಡಿಗಳೆಲ್ಲ ಆ ಸ್ಕೂಟರಿಗೆ ಗೊತ್ತು. ಈಗ ಅವು ಕಾರಿಗೂ ಗೊತ್ತಾಗಿದ್ದವು. ಪ್ರತಿ ಗುಂಡಿ ಬಂದಾಗಲೂ ಸ್ಟೀರಿಂಗು ತಾನೇ ತಿರುಗಿ, ಎರಡು ಚಕ್ರದ ಗಾಡಿಯ ಲೆಕ್ಕದಲ್ಲಿ ಗುಂಡಿಯ ಎಡಕ್ಕೆ ಸರಿಯಾಗಿ ಒಂದು ಗೇಣು ಬಿಟ್ಟು ಹೋಗುತ್ತಿತ್ತು. ಬಲಗಡೆಯ ಚಕ್ರಗಳು ಒಂದನ್ನೂ ಬಿಡದೆ ಎಲ್ಲ ಗುಂಡಿಗಳಲ್ಲೂ ಇಳಿದವು. "ನಿಯತ್ತು ನೋಡ್ರಿ ಅಕ್ಕಾರೇ, ತಾನೇ ತಪ್ಪಿಸ್ತೈತೆ" ಎಂದು ವೃಷಭೇಂದ್ರಪ್ಪ ಮುಂದೆ ಕುಣಿಯುತ್ತಿದ್ದರು. ಹಿಂದೆ ನನ್ನ ತೊಡೆಯ ಮೇಲೆ ರೊಟ್ಟಿ ಹುಡಿಯಾಗುವ ಸದ್ದು ಕೇಳುತ್ತಿತ್ತು.

ಹಾಸ್ಟೆಲಿನ ಮೇಲ್ವಿಚಾರಕಿ ಅನಸೂಯಾ ಮೇಡಂ ಒಳ್ಳೆಯ ಹೆಂಗಸು, ಆದರೆ ಕಟ್ಟುನಿಟ್ಟು. ಡಬ್ಬಿಗಳ ಮುಚ್ಚಳ ತೆಗೆದು ನೋಡಿದರು. ಅರ್ಧಕ್ಕರ್ಧ ಚೂರು. ಹುಡುಗಿಯರು ಇವತ್ತು ಚಮಚದಲ್ಲಿ ತಿನ್ನಲಿ ಎಂದರು. ಪ್ಯಾಕೆಟ್ ರೊಟ್ಟಿಯ ಕಂಪನಿಯವರು ದಿನಾ ಫೋನು ಮಾಡುತ್ತಿದ್ದಾರೆ ಎಂದೂ ಹೇಳಿದರು.

ಮಂಗಳವಾರ ಕಾರು ಗೇಟು ದಾಟಿದ್ದೇ ಹಾಸ್ಟೆಲಿನ ದಾರಿ ಬಿಟ್ಟು ಎಡಕ್ಕೆ ತಿರುಗಿತು. ವೃಷಭೇಂದ್ರಪ್ಪ ಸ್ಟೀರಿಂಗನ್ನು ಬಲಕ್ಕೆ ಎಳೆದರು. ಅದು ಅವರ ಕೈಯನ್ನೂ ಎಡಕ್ಕೆ ಎಳೆದುಕೊಂಡು ಹೋಗಿ, ಮೊದಲನೇ ಖಾನಾವಳಿಯ ಮುಂದೆ ನಿಂತು ‘ಪೀಪ್ ಪೀಪ್’ ಎಂದಿತು. ಅದು ಸ್ಕೂಟರಿನ ಹಾರ್ನು! ಖಾನಾವಳಿಯವರು ಅಭ್ಯಾಸದ ಪ್ರಕಾರ ಹೊರಗೆ ಬಂದರು, ಕಾರು ಕಂಡು ಒಂದು ಗಳಿಗೆ ನಿಂತರು, ಆಮೇಲೆ ಬಾಗಿಲು ತೆಗೆದು ಒಂದು ಡಬ್ಬಿ ಇಳಿಸಿಕೊಂಡರು. ಬೆಳಿಗ್ಗೆಯೇ ಕೊಟ್ಟಾಗಿದೆ, ಇದು ಹಾಸ್ಟೆಲಿನದು ಎಂದು ನಾನು ಕೂಗಿದೆ. ಕೊಡುವ ತನಕ ಕಾರು ಮುಂದೆ ಹೋಗಲಿಲ್ಲ. ಎರಡನೇ ಮೆಸ್ಸಿನಲ್ಲೂ ಹಾಗೆ, ಮೂರನೆಯದರಲ್ಲೂ ಹಾಗೆ. ಹತ್ತು ಕಡೆ ಕೊಟ್ಟಾಗ ನಮ್ಮ ಬಳಿ ಉಳಿದದ್ದು ಮೂರು ಡಬ್ಬಿ.

ಹನ್ನೊಂದನೇ ಖಾನಾವಳಿ ಮಂಡಿಪೇಟೆಯ ಹಿಂದೆ ಒಂದು ಸಂದಿಯೊಳಗಿದೆ. ಸ್ಕೂಟರು, ತಳ್ಳುಗಾಡಿ ಮಾತ್ರ ಹೋಗುವ ಸಂದಿ. ಎದುರಿಗೆ ಎಮ್ಮೆ ಬಂದರೆ ಸ್ಕೂಟರೇ ಹಿಂದೆ ಬರಬೇಕು. ಕಾರು ವೇಗ ಹೆಚ್ಚಿಸಿತು. ಈ ಮನುಷ್ಯ ಬ್ರೇಕಿನ ಮೇಲೆ ನಿಂತೇಬಿಟ್ಟರು. ಅದು ತಾನು ಸ್ಕೂಟರೆಂಬ ಪೂರ್ತಿ ನಂಬಿಕೆಯಲ್ಲಿ ಒಳಗೆ ನುಗ್ಗಿತು. ಎರಡು ಕಡೆಯ ಕನ್ನಡಿಗಳೂ ಹೋದವು, ಬಾಗಿಲ ಹಿಡಿಗಳು ಹೋದವು, ನಡುಮಧ್ಯಕ್ಕೆ ಬಂದು ಗೋಡೆಗಳ ನಡುವೆ ಗಟ್ಟಿಯಾಗಿ ಸಿಕ್ಕಿಕೊಂಡಿತು. ಅಲ್ಲಿಂದಲೇ ನಂಬಿಕೆ ಬಿಡದೆ ‘ಪೀಪ್ ಪೀಪ್’ ಎಂದಿತು.

ಬಾಗಿಲು ತೆಗೆಯುವಂತಿರಲಿಲ್ಲ. ವೃಷಭೇಂದ್ರಪ್ಪ ಛಾವಣಿಯ ಗಾಜು ಸರಿಸಿ ಅರ್ಧ ಮೇಲೆ ಬಂದರು. ಅರವತ್ತೆರಡು ವರ್ಷದ ನನ್ನನ್ನು ಹಮಾಲರು ಮೂಟೆ ಎತ್ತುವ ಹಾಗೆ ಮೇಲಕ್ಕೆ ಎತ್ತಿ ಗೋಡೆಯ ಮೇಲೆ ಕೂರಿಸಿದರು. ಮಂಡಿಪೇಟೆಯ ಅರ್ಧ ಜನ ನೋಡಿದರು. ಎರಡು ಮನೆ ದಾಟಿ ನನ್ನ ಆಸ್ಪತ್ರೆಯ ಹಳೆಯ ರೋಗಿಯೊಬ್ಬ ನಿಂತಿದ್ದ. "ಆರಾಮಿದೀರಾ ಸಿಸ್ಟರ್?" ಎಂದು ವಿಚಾರಿಸಿದ.

ಉಳಿದ ಮೂರು ಡಬ್ಬಿ ತಳ್ಳುಗಾಡಿಯಲ್ಲಿ ಹಾಸ್ಟೆಲು ಮುಟ್ಟುವಾಗ ಗಂಟೆ ಒಂದಾಗಿತ್ತು. ಹುಡುಗಿಯರು ಬಿಸ್ಕತ್ತು ತಿಂದಿದ್ದರು. ಮೂರು ದಿನ ಎಂದು ಮಾತು ಕೊಟ್ಟಿದ್ದೇನೆ, ಮೂರನೇ ದಿನವನ್ನೂ ನೋಡುತ್ತೇನೆ, ಆಮೇಲೆ ನನ್ನನ್ನು ಕೇಳಬೇಡಿ ಎಂದರು ಅನಸೂಯಾ ಮೇಡಂ. ಮನೆಗೆ ಬಂದ ವಿಶಾಲಾಕ್ಷಿ ಒಲೆಯ ಮುಂದೆ ಕೂತು ಕೆಮ್ಮಿದಳು. ತಡೆದು ತಡೆದು ಕೆಮ್ಮಿದಳು. ನನಗೆ ಆ ಡಬ್ಬಿಯನ್ನೂ ಅದನ್ನು ಮಾಡಿದವರನ್ನೂ ಒಟ್ಟಿಗೆ ಬಾವಿಗೆ ಹಾಕಬೇಕೆನಿಸಿತು.

ಸಂಜೆ ಟ್ರ್ಯಾಕ್ಟರು ಕಟ್ಟಿ ಕಾರನ್ನು ಹಿಂದಕ್ಕೆ ಎಳೆದು ತಂದರು. ಬುಧವಾರ ಬೆಳಿಗ್ಗೆ ಏಳಕ್ಕೆ ವಿಶಾಲಾಕ್ಷಿ ಗಂಡನ ಮುಂದೆ ಬಂದು ನಿಂತಳು.

"ನನ್ನ ಸ್ಕೂಟರ್ ನನಗೆ ಹೆಂಗಿತ್ತೋ ಹಂಗೆ ಕೊಡ್ರಿ. ಇಲ್ಲಾಂದ್ರೆ ಈ ಮನೆಯಾಗೆ ಒಂದು ರೊಟ್ಟೀನೂ ನಿಮಗೆ ಸಿಗಲ್ಲ."

ಅವರ ಮುಖ ಸಣ್ಣದಾಯಿತು. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಆ ಮನುಷ್ಯ ತನ್ನದು ತಪ್ಪಾಯಿತು ಎಂದರು. ಹೆಪ್ಪು ಒಂದು ಕಡೆಯಿಂದ ಮಾತ್ರ ಹೋಗಬೇಕಿತ್ತು, ಅಷ್ಟೂ ಹೋಗಿಬಿಟ್ಟಿದೆ, ಆ ಕಡೆಯದು ಈ ಕಡೆಗೂ ಬಂದುಬಿಟ್ಟಿದೆ ಎಂದು ವಿವರಿಸಿದರು. ಇದನ್ನೇ ನಾನು ಭಾನುವಾರ ಕೇಳಿದ್ದೆ. ಹಿಡಿಯನ್ನು ತಿರುಗಿಸಿ ಹಾಕಿ ಮತ್ತೆ ಎಳೆದರೆ ಎಲ್ಲವೂ ಮೊದಲಿನಂತಾಗುತ್ತದೆ ಎಂದರು.

ಆದರೆ ಸಂದಿಯಲ್ಲಿ ಕಾರಿನ ಕಡೆಯ ಕೊಂಡಿ ಮುರಿದುಹೋಗಿತ್ತು. ತಂತಿ ಮುಟ್ಟುತ್ತಿರಲಿಲ್ಲ. ವೃಷಭೇಂದ್ರಪ್ಪ ಒಂದು ಕೈಯಲ್ಲಿ ತಂತಿಯ ತುದಿ ಹಿಡಿದರು, ಇನ್ನೊಂದು ಕೈಯಲ್ಲಿ ಕಾರಿನ ಬಾಗಿಲು ಹಿಡಿದರು. ನಾನು ಬೇಡವೆಂದೆ. ಇಂಥ ಕೈಗಳಿಗೆ ಬರ್ನಾಲ್ ಹಚ್ಚಿ ಹಚ್ಚಿ ಸಾಕಾಗಿತ್ತು ನನಗೆ. "ಕಡಿಮೆ ವೋಲ್ಟೇಜ್ ಅಕ್ಕಾರೇ, ಏನೂ ಆಗಲ್ಲ" ಎಂದು ಹೇಳಿ ಹೆಂಡತಿಗೆ ಹಿಡಿ ಎಳೆಯಲು ಹೇಳಿದರು. ವಿಶಾಲಾಕ್ಷಿ ಎಳೆದಳು. ಮೂರು ದಿನದ ಸಿಟ್ಟು, ಅದರ ಹಿಂದಿನ ಮೂವತ್ತು ವರ್ಷದ್ದು, ಎಲ್ಲ ಸೇರಿಸಿ ಎಳೆದಳು.

ಡಬ್ಬಿಯಿಂದ ಹೊಗೆ ಎದ್ದಿತು. ಎರಡೂ ಬಲ್ಬು ಒಡೆದವು. ನಾನು ಓಡಿಹೋಗಿ ವೃಷಭೇಂದ್ರಪ್ಪನವರ ನಾಡಿ ಹಿಡಿದೆ. ನಾಡಿ ಚೆನ್ನಾಗಿತ್ತು, ಅವರ ಜೀವನದಲ್ಲೇ ಇಷ್ಟು ಒಂದೇ ಸಮನಾಗಿ ಯಾವುದೂ ನಡೆದಿರಲಿಲ್ಲ. ಕಣ್ಣು ತೆರೆದೇ ಇತ್ತು. ಆದರೆ ಮಾತಿಲ್ಲ, ಅಲುಗಾಟವಿಲ್ಲ. ಏನನ್ನೋ ಕಾಯುತ್ತಿರುವಂತೆ ಸುಮ್ಮನೆ ನಿಂತಿದ್ದರು.

ಸ್ಕೂಟರು ‘ಡಿಂಗ್’ ಎಂದಿತು, ಅದು ಬದಲಾಗಿರಲಿಲ್ಲ. ಕಾರಿನ ಪರದೆ ಮಾತ್ರ ಬೆಳಗಿ, ಅದರ ಮೇಲೆ ದೊಡ್ಡ ಅಕ್ಷರಗಳು ಮೂಡಿದವು: ‘ಇದಕ್ಕಿಂತ ದೊಡ್ಡ ಯೋಜನೆಯೊಂದು ತಲೆಯಲ್ಲಿದೆ. ನಾಳೆಯಿಂದ ಶುರು.’

ಕಾರಿಗೆ ಯಾರ ಗುಣ ಬಂದಿದೆ ಎಂದು ನನಗೂ ತಂಗಿಗೂ ಒಟ್ಟಿಗೇ ಹೊಳೆಯಿತು. ಹಾಗಾದರೆ ಸ್ಕೂಟರಿನ ನಿಯತ್ತು ಎಲ್ಲಿಗೆ ಹೋಯಿತು? ವಿಶಾಲಾಕ್ಷಿ ಗಂಡನನ್ನೇ ನೋಡಿದಳು. ಹತ್ತಿರ ಹೋಗಿ ಭುಜ ಹಿಡಿದು ಮೆಲ್ಲಗೆ ಎಡಕ್ಕೆ ವಾಲಿಸಿದಳು. ಐದು ಎಣಿಸಿದಳು. ನನ್ನ ಕಡೆ ಒಂದು ಸಲ ನೋಡಿ, ನಾನು ತಲೆಯಾಡಿಸಿದ ಮೇಲೆ, ಕಾಲಿನಿಂದ ಅವರ ಮೀನಖಂಡಕ್ಕೆ ಒಂದು ತಟ್ಟಿದಳು.

"ಡುರ್ರ್" ಎಂದರು ವೃಷಭೇಂದ್ರಪ್ಪ.

ಆಮೇಲೆ ನಡೆದದ್ದನ್ನು ನಾನೇ ಕಣ್ಣಾರೆ ನೋಡದಿದ್ದರೆ ನಂಬುತ್ತಿರಲಿಲ್ಲ. ಆ ಮನುಷ್ಯ ಒಳಗೆ ಹೋಗಿ ಡಬ್ಬಿಗಳನ್ನು ಒಂದೊಂದಾಗಿ ತಂದು ತಳ್ಳುಗಾಡಿಯಲ್ಲಿ ಜೋಡಿಸಿದರು. ಮೂವತ್ತು ವರ್ಷದಲ್ಲಿ ತಾವು ಉಂಡ ತಟ್ಟೆಯನ್ನು ಎತ್ತಿದವರಲ್ಲ! ವಿಶಾಲಾಕ್ಷಿ ಹನ್ನೊಂದು ಗಂಟುಗಳನ್ನು ಬೇರೆಯಾಗಿ ಕಟ್ಟಿ ಮೇಲಿಟ್ಟಳು. ಅವರು ಗಾಡಿ ತಳ್ಳಿಕೊಂಡು ಹೊರಟರು, ನಾವಿಬ್ಬರೂ ಹಿಂದೆ ನಡೆದೆವು. ಪ್ರತಿ ಖಾನಾವಳಿಯ ಮುಂದೆ ನಿಂತು ಬಾಯಲ್ಲೇ "ಪೀಪ್ ಪೀಪ್" ಎಂದರು, ಗಂಟು ಕೊಟ್ಟರು, ಮುಂದೆ ಹೋದರು. ಊರಿನ ಒಂದೊಂದು ಗುಂಡಿಯೂ ಅವರಿಗೆ ಗೊತ್ತಿತ್ತು. ಗುಂಡಿ ಬಂದಲ್ಲಿ ಗಾಡಿಯನ್ನು ನಿಧಾನವಾಗಿ ಬಳಸಿಕೊಂಡು ಹೋದರು. ಮಂಡಿಪೇಟೆಯ ಸಂದಿಯಲ್ಲಿ ಎದುರಿಗೆ ಎಮ್ಮೆ ಬಂತು. ಹಿಂದೆ ಬಂದು ದಾರಿ ಬಿಟ್ಟರು.

ಹನ್ನೊಂದೂ ಹತ್ತಕ್ಕೆ ಹಾಸ್ಟೆಲು. ಅನಸೂಯಾ ಮೇಡಂ ಹದಿಮೂರು ಡಬ್ಬಿಗಳ ಮುಚ್ಚಳವನ್ನೂ ತೆಗೆದು, ಕೈ ಹಾಕಿ ತಳದವರೆಗೆ ನೋಡಿದರು. ಒಂದೂ ಮುರಿದಿರಲಿಲ್ಲ. ವೃಷಭೇಂದ್ರಪ್ಪನವರನ್ನು ಮೇಲಿನಿಂದ ಕೆಳಗೆ ನೋಡಿದರು.

"ಇವರು ದಿನಾ ಬರ್ತಾರೇನಮ್ಮ? ಬರೋದಾದ್ರೆ ಇವತ್ತೇ ಸಹಿ ಹಾಕ್ತೀನಿ."

"ಬರ್ತಾರ್ರಿ" ಎಂದಳು ವಿಶಾಲಾಕ್ಷಿ. ಗಂಡನ ಅಂಗಿಯ ಮೇಲಿನ ದೂಳನ್ನು ಸೆರಗಿನಿಂದ ಒರೆಸಿದಳು. ನಾನು ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡೆ. ಹಾಸ್ಟೆಲಿನಲ್ಲಿ ಒಗ್ಗರಣೆಯ ಘಾಟು ಹೆಚ್ಚು.

ಇದೆಲ್ಲ ಆಗಿ ನಾಲ್ಕು ತಿಂಗಳಾಯಿತು. ಗ್ಯಾಸಿನ ಹಂಚು ಬಂದಿದೆ. ನಾಲ್ಕು ಜನ ಹೆಂಗಸರು ರೊಟ್ಟಿ ತಟ್ಟುತ್ತಾರೆ, ವಿಶಾಲಾಕ್ಷಿ ಕುರ್ಚಿಯಲ್ಲಿ ಕೂತು ನೋಡಿಕೊಳ್ಳುತ್ತಾಳೆ. ಅವಳ ಎದೆಯ ಸದ್ದು ಹೋದ ವಾರ ಕೇಳಿದೆ, ಎಷ್ಟೋ ವಾಸಿ. ದಿನಾ ಬೆಳಿಗ್ಗೆ ಗೋಡೆಗೆ ಒರಗಿ ನಿಂತಿರುವ ಗಂಡನನ್ನು ವಾಲಿಸಿ, ಐದು ಎಣಿಸಿ, ತಟ್ಟಿ ಕಳಿಸುತ್ತಾಳೆ. ಒಂದು ದಿನವೂ ತಪ್ಪಿಲ್ಲ. ಗುಣಾಂತರಕವನ್ನು ರಿಪೇರಿ ಮಾಡಬಲ್ಲವರು ಲೋಕದಲ್ಲಿ ಒಬ್ಬರೇ. ಅವರಿಗೀಗ ಅಂಥ ಕೆಲಸಗಳಿಗೆ ಪುರಸೊತ್ತಿಲ್ಲ. ಡಬ್ಬಿಯನ್ನು ನನ್ನ ತಂಗಿ ಹುಣಸೆಹಣ್ಣು ಹಚ್ಚಿ ತೊಳೆದು ಮತ್ತೆ ರೊಟ್ಟಿಗೆ ಇಟ್ಟುಕೊಂಡಿದ್ದಾಳೆ. ಸ್ಕೂಟರು ಮುಸುಕು ಹೊದ್ದು ಮೂಲೆಯಲ್ಲಿ ಕೂತಿದೆ, ದೂಳು ಬಿದ್ದರೆ ‘ಡಿಂಗ್’ ಎನ್ನುತ್ತದೆ. ಕಾರು ಅಂಗಳದಲ್ಲೇ ನಿಂತು ದಿನಕ್ಕೊಂದು ಹೊಸ ಯೋಜನೆ ಪ್ರಕಟಿಸುತ್ತದೆ. ಮೊದಲು ಅವರು ಕೇಳುತ್ತಿದ್ದ ಹಾಗೆಯೇ ಬೆಳಿಗ್ಗೆ ಹತ್ತು ಗಂಟೆಗೊಮ್ಮೆ, ಸಂಜೆ ನಾಲ್ಕು ಗಂಟೆಗೊಮ್ಮೆ ಚಹಾಕ್ಕಾಗಿ ಹಾರ್ನು ಹೊಡೆಯುತ್ತದೆ. ಒಂದು ಸಂಜೆ ವಿಶಾಲಾಕ್ಷಿ ಚಹಾ ಲೋಟ ಹಿಡಿದು ಅದರೊಳಗೆ ಕೂತು ಪರದೆ ಓದುತ್ತಾ ನಗುತ್ತಿದ್ದದ್ದನ್ನು ಕಂಡೆ. ನಾನು ಕಂಡದ್ದು ಗೊತ್ತಾಗಿ, ಸೀಟು ಒರೆಸುವವಳ ಹಾಗೆ ಮಾಡಿದಳು.

ಕಾರು ಮಾರಾಟಕ್ಕಿದೆ ಎಂದು ನಾನೇ ಬೋರ್ಡು ಬರೆದು ಗೇಟಿಗೆ ತೂಗುಹಾಕಿದ್ದೇನೆ. ಹೋದ ಭಾನುವಾರ ರಾಣೆಬೆನ್ನೂರಿನಿಂದ ಒಬ್ಬರು ನೋಡಲು ಬಂದರು. ಕಾರಿನ ಸುತ್ತ ಒಂದು ಸುತ್ತು ಬಂದು, ನಂಬಿ ಓಡಿಸಬಹುದೇ ಎಂದು ವಿಚಾರಿಸಿದರು. ಮಾತಿಗೇನೂ ಕಡಿಮೆಯಿಲ್ಲ ಎಂದಳು ವಿಶಾಲಾಕ್ಷಿ. ಅಷ್ಟರಲ್ಲಿ ವೃಷಭೇಂದ್ರಪ್ಪ ಖಾಲಿ ಗಾಡಿ ತಳ್ಳಿಕೊಂಡು ಬಂದು, ಡಬ್ಬಿಗಳನ್ನು ಇಳಿಸಿ, ತಮ್ಮ ಜಾಗದಲ್ಲಿ ಎಡಕ್ಕೆ ಒರಗಿ ನಿಂತರು. ಬಂದವರು ಕಾರನ್ನು ಬಿಟ್ಟು ಅವರನ್ನೇ ನೋಡತೊಡಗಿದರು. ತಮ್ಮ ಅಂಗಡಿಗೆ ಇಂಥವರೊಬ್ಬರು ಬೇಕಾಗಿತ್ತು, ಕಳಿಸಿಕೊಡುತ್ತೀರಾ ಎಂದು ಕೇಳಿದರು.

"ಅದು ಕೊಡಲ್ಲರೀ" ಎಂದಳು ನನ್ನ ತಂಗಿ. "ಒಬ್ಬರೇ ಮಾಲೀಕರು. ಮೂವತ್ತು ವರ್ಷದಿಂದ ನಾನೇ ಓಡಿಸಿರೋದು."

ಅದರಲ್ಲಿ ಇಪ್ಪತ್ತೊಂಬತ್ತು ವರ್ಷ ಎಂಟು ತಿಂಗಳು ಅದು ಸ್ಟಾರ್ಟೇ ಆಗಿರಲಿಲ್ಲ ಎಂಬುದನ್ನು ಅವಳು ಹೇಳಲಿಲ್ಲ. ನಾನೂ ಸುಮ್ಮನಿದ್ದೆ. ಹಳೆ ಗಾಡಿಯ ವಿಷಯದಲ್ಲಿ ಯಾರೂ ಎಲ್ಲವನ್ನೂ ಹೇಳುವುದಿಲ್ಲ.